ಮುದ್ದೆ ಅಗಿಯುವ ನಾಗಾಜಿ

ಆತಗೂರು
20-1-1974, ಭಾನುವಾರ

ತಂಗಿ ಮಂಗಳೀ,

ಇಪ್ಪತ್ತಮೂರು ವರ್ಷವಾದ ಮೇಲೆ ನಿನ್ನ ಅಣ್ಣ ಕೆಂಪಯ್ಯ ಬರೆಯುತ್ತಿದ್ದಾನೆ. ಹರಿದು ಎಸೆಯುವುದಿದ್ದರೆ ಪೂರ್ತಿ ಓದಿ ಆಮೇಲೆ ಎಸೆ. ಮೊದಲು ನಿನ್ನ ಆರೋಗ್ಯ ಹೇಗಿದೆ ಹೇಳು. ಚಳಿಗಾಲ ಬಂತೆಂದರೆ ನಿನಗೆ ಎದೆ ಕಟ್ಟುತ್ತಿತ್ತು, ಬೆಕ್ಕಿನ ಹಾಗೆ ಗೊರಗೊರ ಅನ್ನುತ್ತಾ ಮಲಗುತ್ತಿದ್ದೆ. ಹರಿಹರದಲ್ಲಿ ಹೊಳೆ ಪಕ್ಕದಲ್ಲೇ ಅಂತೆ, ಥಂಡಿ ಜಾಸ್ತಿ ಇರಬೇಕು. ನಿನ್ನ ಯಜಮಾನರು ಮರಿಸಿದ್ದಯ್ಯನವರು ಚೆನ್ನಾಗಿದ್ದಾರೆಯೇ? ಮಕ್ಕಳೆಷ್ಟು? ಸೋದರಮಾವನಾದವನು ಇದನ್ನು ಕಾಗದದಲ್ಲಿ ಕೇಳಬೇಕಾಗಿ ಬಂತಲ್ಲ, ಥೂ ನನ್ನ ಬಾಳಿಗಿಷ್ಟು. ನಾನು ಗಟ್ಟಿಯಾಗಿದ್ದೇನೆ, ಬಲಗಣ್ಣಿಗೆ ಮಾತ್ರ ಪೊರೆ ಬಂದಿದೆ. ನಿನ್ನ ಅತ್ತಿಗೆ ಅಂಕಮ್ಮನಿಗೆ ಮಂಡಿನೋವು, ಬಾಯಿಗೆ ಯಾವ ನೋವೂ ಇಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ. ನೀನು ಪುಸ್ತಕ ಬರೆಯುವವಳು, ತಪ್ಪು ಎಣಿಸುತ್ತಾ ಕೂರಬೇಡ.

ನಿನ್ನ ವಿಳಾಸ ಸಿಕ್ಕಿದ್ದು ಹೇಗೆ ಅಂತ ಹೇಳಬೇಕು. ಇಲ್ಲಿಯ ಸ್ಕೂಲಿಗೆ ರಾಮಾನುಜ ಅಂತ ಹೆಡ್‌ಮಾಸ್ತರು ಬಂದು ಎರಡು ವರ್ಷವಾಯಿತು. ಅವರ ಮನೆಯಾಕೆ ವೇದವತಮ್ಮನಿಗೆ ಕಾದಂಬರಿ ಓದುವ ಹುಚ್ಚು. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ, ಊರ ಹೆಂಗಸರು ಸುತ್ತ ಕೂತು ಅವರೆಕಾಯಿ ಸುಲಿಯುತ್ತಾ ಕೇಳುತ್ತಾರೆ. ನಿನ್ನ ಅತ್ತಿಗೆಯೂ ಅಲ್ಲೇ. ಒಂದು ದಿನ ನಾನು ಹೊಲದಿಂದ ಬಂದರೆ ಮನೆಯಲ್ಲಿ ಬಡಿಸುವವರಿಲ್ಲ. ನಾಲ್ಕು ಬೈದು ಎಳೆದುಕೊಂಡು ಬರೋಣ ಅಂತ ಜಗಲಿಗೆ ಹೋದೆ. ಹೋದವನು ಅಲ್ಲೇ ಕೂತುಬಿಟ್ಟೆ. ಯಾಕೆ ಅಂದರೆ ವೇದವತಮ್ಮ ಆಗ ಓದುತ್ತಿದ್ದ ಸುಳ್ಳು ಕೇಳಿ ನನಗೆ ತಡೆಯಲಾಗಲಿಲ್ಲ. ಯಾವುದೋ ಕಣಗಿಲೆಕೋಟೆಯಂತೆ, ಪಾಳೇಗಾರರ ಕಾಲವಂತೆ, ನಮ್ಮ ಸೀಮೆಯೇ ಅಂತೆ. ಕೋಟೆಯ ಪಾಳೇಗಾರ ಬೊಮ್ಮರಸನ ತಂಗಿ ನಾಗಾಜಿ, ಕುದುರೆಗೆ ಔಷಧಿ ಮಾಡುವ ಒಬ್ಬ ವೈದ್ಯನನ್ನು ಮೆಚ್ಚಿಕೊಂಡು ಅವನ ಜೊತೆ ಕಬ್ಬಿನ ಗದ್ದೆಯಲ್ಲಿ ಅಡಗಿಕೊಂಡಳಂತೆ. ನಾನು ನಿಂತಲ್ಲಿಂದಲೇ ಕೂಗಿದೆ, ಯಾವ ಕಬ್ಬಮ್ಮ ಅದು, ಮಂಡ್ಯದ ಸೀಮೆಗೆ ನಾಲೆ ಬಂದದ್ದು ನಾನು ದನ ಕಾಯುತ್ತಿದ್ದಾಗ, ಅದಕ್ಕೆ ಮುಂಚೆ ಮೈಲಿಗಟ್ಟಲೆ ರಾಗಿ, ಹುರುಳಿ, ರಾಗಿ ಹೊಲದಲ್ಲಿ ಅಡಗಿದರೆ ತಲೆ ಕಾಣುತ್ತೆ ಅಂತ. ಊರ ನಾಟಕದಲ್ಲಿ ಇಪ್ಪತ್ತು ವರ್ಷದಿಂದ ರಾಜನ ಪಾರ್ಟು ಹಾಕುವ ಲಿಂಗಯ್ಯನೂ ಅಲ್ಲಿದ್ದ. ಅವನಿಗೆ ಕುದುರೆ ಸರಿಬರಲಿಲ್ಲ. “ಮುತ್ತತ್ತಿ ಕಾಡಿಂದ ಅರ್ಧ ಗಳಿಗೇಲಿ ಕ್ವಾಟೆಗೆ ಬಂದ್ನಂತಲ್ಲಮ್ಮ, ಅದೇನು ಕುದ್ರೆನೋ ಮದ್ದೂರು ಬಸ್ಸೋ” ಅಂದ. ಎಲ್ಲರೂ ನಕ್ಕರು. ಆವತ್ತಿನಿಂದ ನಾನೂ ದಿನಾ ಹೋಗತೊಡಗಿದೆ. ಕತೆಗಲ್ಲ, ತಪ್ಪು ಹಿಡಿಯುವುದಕ್ಕೆ. ಬರೆದವಳ ಹೆಸರು ‘ಶಿಂಷಾ’ ಅಂತ ಅಟ್ಟೆಯ ಮೇಲಿತ್ತು. ಹೊಳೆಯ ಹೆಸರಿಟ್ಟುಕೊಂಡ ಯಾವಳೋ ಬೆಂಗಳೂರಿನವಳು ಅಂದುಕೊಂಡೆ. ಅದು ನೀನು ಅಂತ ನನಗೇನು ಕನಸು ಬಿದ್ದಿತ್ತೇ?

ಆಮೇಲೆ ಬಂತು ನೋಡು ಮುದ್ದೆಯ ಪ್ರಸಂಗ. ನಾಗಾಜಿ ಅರಮನೆಯಲ್ಲಿ ಊಟಕ್ಕೆ ಕೂತು ಮುದ್ದೆಯನ್ನು ಸಣ್ಣ ಸಣ್ಣದಾಗಿ ಮುರಿದು ನಿಧಾನವಾಗಿ ಅಗಿದು ತಿಂದಳು ಅಂತ ವೇದವತಮ್ಮ ಓದಿದರು. ಜಗಲಿಗೆ ಜಗಲಿಯೇ ಎದ್ದು ಕೂತಿತು. ಮೇಲಿನ ಬೀದಿಯ ಪಟ್ಟಲಮ್ಮ ಗೊತ್ತಲ್ಲ, ಈಗ ಎಂಬತ್ತರ ಹತ್ತಿರ, ಅವಳು ಮೊರ ಪಕ್ಕಕ್ಕಿಟ್ಟು, “ಅಯ್ಯೋ ನಿನ್ ಮನೆ ಕಾಯ್ವಾಗ, ಮುದ್ದೆ ಅಗೀತಾಳಂತಾ? ಮುದ್ದೆ ನುಂಗಾಕೆ ಬರ್ದೋಳು ಪಾಳೇಗಾರ್ನ ತಂಗಿ ಎಂಗಾದ್ಲೇ?” ಅಂದಳು. ವೇದವತಮ್ಮ ಅಯ್ಯಂಗಾರರು, ಪಾಪ, ಅವರ ಮನೆಯಲ್ಲಿ ಮುದ್ದೆಯೇ ಇಲ್ಲ. “ಅಗಿದರೆ ಏನು ತಪ್ಪು?” ಅಂದುಬಿಟ್ಟರು. ಅದಕ್ಕೆ ಇನ್ನೊಂದು ಸಲ ನಗು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು. ನಕ್ಕಿದ್ದಷ್ಟೇ ಅಲ್ಲ, ಬರೆದವಳಿಗೆ ಒಂದು ಕಾಗದ ಹಾಕಿ, ಮುದ್ದೆ ಅಗಿಯುವವಳ ಕತೆಯನ್ನು ಯಾವನೂ ನಂಬುವುದಿಲ್ಲ ಅಂತ ಬರೆಯಿರಿ, ನನ್ನ ಹೆಸರು ಹಾಕಿಯೇ ಬರೆಯಿರಿ ಅಂತ ಹಟ ಹಿಡಿದೆ. ವೇದವತಮ್ಮ ಕಬ್ಬು, ಕುದುರೆಯ ಮಾತನ್ನೂ ಸೇರಿಸಿ ಪುಸ್ತಕ ಅಚ್ಚು ಮಾಡಿದವರ ವಿಳಾಸಕ್ಕೆ ಬರೆದು ಹಾಕಿದರು. ಆತಗೂರಿನ ಹಿರಿಯರಾದ ಕೆಂಪಯ್ಯನವರು ಹೀಗೆನ್ನುತ್ತಾರೆ ಅಂತ. ಆ ಸಾಲು ಓದಿದಾಗ ನಿನಗೆ ಹೇಗಾಗಿರಬೇಕು!

ಆ ಕಾಗದ ಹೋಗಿ ವಾರವಾದ ಮೇಲೆ ಕೋಟೆ ಬಾಗಿಲಿನ ಅಧ್ಯಾಯ ಬಂತು. ನಾಗಾಜಿ ವೈದ್ಯನನ್ನು ಮದುವೆಯಾಗಿ ಹರಿಶಿನ ಆರದ ಮೈಯಲ್ಲಿ ಬಂದು ಬಾಗಿಲ ಮುಂದೆ ನಿಲ್ಲುತ್ತಾಳೆ. ಒಂದು ಸಲ ತಾಯಿಯ ಕಾಲು ಮುಟ್ಟಿ ಹೋಗುತ್ತೇನೆ ಅನ್ನುತ್ತಾಳೆ. ಬೊಮ್ಮರಸ ಒಳಗಿನಿಂದಲೇ, ತಾಯಿ ತೀರ್ಥಕ್ಕೆ ಹೋಗಿದ್ದಾಳೆ, ನಿನಗೆ ಇಲ್ಲಿ ಯಾರೂ ಇಲ್ಲ ಅಂತ ಕೂಗುತ್ತಾನೆ. ಅವಳು ತಿರುಗಿ ಹೊರಡುವಾಗ ಬಾಗಿಲ ಆಚೆಯಿಂದ ಯಾರೋ ಬಿಕ್ಕುವುದು ಕೇಳಿಸುತ್ತದೆ. ಅಗುಳಿಯ ಮೇಲೆ ಕೈಯಿಟ್ಟು ಅಣ್ಣ ಅಳುತ್ತಿದ್ದಾನೆ ಅಂತ ಅವಳಿಗೆ ತಿಳಿಯುತ್ತದೆ. ವೇದವತಮ್ಮ ಅದನ್ನು ಓದುವಾಗ ಕಣ್ಣೊರೆಸಿಕೊಂಡರು. ಲಿಂಗಯ್ಯ ಮಾತ್ರ ಒಪ್ಪಲಿಲ್ಲ. “ಇದು ನಂಬೋ ಮಾತಲ್ಲ ಕಣಮ್ಮೋ. ಅಷ್ಟೊತ್ತು ಕಲ್ಲಾಗಿದ್ದೋನು ಬಾಗ್ಲ ಇಂದೆ ಗಳಗಳಾಂತ ಅತ್ನಂತೆ. ನಾಟಕದಾಗೆ ನಾನಿಂಗೆ ಮಾಡುದ್ರೆ ಜನ ಚಪ್ಲೀಲಿ ಒಡೀತಾರೆ” ಅಂದ. ವೇದವತಮ್ಮ ಬಿಡಲಿಲ್ಲ. ಕೆಟ್ಟವನು ಪೂರ್ತಿ ಕೆಟ್ಟವನಾಗಿರುವುದಿಲ್ಲ, ಬರೆದಾಕೆ ಆ ಅಳು ಇಟ್ಟಿದ್ದರಿಂದಲೇ ಅವನು ಮನುಷ್ಯನಾದ, ಇಲ್ಲದಿದ್ದರೆ ಬರೀ ರಾಕ್ಷಸ ಅಂದರು. ಪಟ್ಟಲಮ್ಮ ಕಾಯಿ ಸುಲಿಯುತ್ತಾ ತಲೆ ಎತ್ತದೆ ಅಂದಳು, “ಅಳೋನಾಗಿದ್ರೆ ಬಾಗ್ಲು ತಗೀಬೇಕಿತ್ತು. ತಗೀದೋನು ಅತ್ತರೇನು, ಬುಟ್ಟರೇನು. ಅಲ್ವೇನ್ಲಾ ಕೆಂಪ?” ತಪ್ಪು ಹಿಡಿಯುವ ಕೆಂಪಯ್ಯನಿಗೆ ಆವತ್ತು ಒಂದು ತಪ್ಪೂ ಸಿಗಲಿಲ್ಲ. ಎದ್ದು ಬಂದುಬಿಟ್ಟೆ. ಎಲ್ಲರ ಮನೆಯಲ್ಲೂ ಬಾಗಿಲಿರುತ್ತದೆ, ಎಲ್ಲೋ ಯಾರದೋ ಕತೆ ಅಂತ ನನಗೆ ನಾನೇ ಹೇಳಿಕೊಂಡೆ.

ಮೊನ್ನೆ ಶುಕ್ರವಾರ ನಿನ್ನ ಉತ್ತರ ಬಂತು, ಕವರಿನ ಮೇಲೆ ಹರಿಹರದ ವಿಳಾಸವಿತ್ತು. ವೇದವತಮ್ಮ ಜಗಲಿಯ ಮೇಲೆ ಎಲ್ಲರ ಎದುರಿಗೇ ಓದಿದರು. ಕಬ್ಬಿನ ಗದ್ದೆ ತಪ್ಪು, ಒಪ್ಪಿಕೊಂಡೆ, ಕುದುರೆಯದೂ ತಪ್ಪೇ, ಮುದ್ದೆಯದು ಮಾತ್ರ ತಪ್ಪಲ್ಲ ಅಂತ ಬರೆದಿದ್ದೀಯ. ನಾಗಾಜಿಗೆ ಆರು ವರ್ಷವಿದ್ದಾಗ ಮುದ್ದೆಯ ತುತ್ತು ಗಂಟಲಲ್ಲಿ ಸಿಕ್ಕಿ ಕಣ್ಣುಗುಡ್ಡೆ ಮೇಲೆ ಹೋಗಿತ್ತು, ಅವಳ ಅಣ್ಣ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಗುದ್ದಿ ಉಳಿಸಿದ, ಇನ್ನು ಮೇಲೆ ನೀನು ಅಗಿದೇ ತಿನ್ನು, ನಗುವವರ ಹಲ್ಲು ನಾನು ಉದುರಿಸುತ್ತೇನೆ ಅಂದ, ಅದಕ್ಕೇ ಅವಳು ಇವತ್ತಿಗೂ ಅಗಿಯುತ್ತಾಳೆ ಅಂತ ಬರೆದಿದ್ದೀಯ. ಮಂಗಳೀ, ನಿನ್ನ ಬೆನ್ನಿಗೆ ಗುದ್ದಿದ ಈ ಕೈಗೇ ಅದು ಮರೆತುಹೋಗಿತ್ತು! ಹಲ್ಲು ಉದುರಿಸುತ್ತೇನೆ ಅಂದವನೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಿದ್ದ. ಪಟ್ಟಲಮ್ಮ ನನ್ನನ್ನೇ ನೋಡುತ್ತಾ, “ಲೋ, ಇದು ನಿನ್ ತಂಗಿ ಕಣ್ಲಾ” ಅಂದಳು. ನಿನ್ನ ಅತ್ತಿಗೆಯ ಕಡೆ ತಿರುಗಿದರೆ ಅವಳಿಗೆ ಆಶ್ಚರ್ಯವೇ ಇಲ್ಲ. ಮನೆಗೆ ಬಂದ ಮೇಲೆ ಕೇಳಿದೆ. “ಮುದ್ದೆ ಮಾತು ಬಂದ ದಿನವೇ ನಂಗೆ ಗೊತ್ತಾಯ್ತು. ನೀವು ಅಂಗೆ ನಗ್ತಿದ್ರಲ್ಲ, ಏನಂತ ಏಳ್ಲಿ?” ಅಂದಳು. ಇವಳ ಜೊತೆ ಮೂವತ್ತೈದು ವರ್ಷ ಸಂಸಾರ ಮಾಡಿದ್ದೇನೆ ನೋಡು.

ನಿನ್ನ ಕಾಗದದ ಕೊನೆಯ ಮಾತಿಗೆ ಬರುತ್ತೇನೆ. ಕತೆಯ ಎರಡನೇ ಭಾಗ ಬರೆಯುತ್ತಿದ್ದೇನೆ, ಬಾಗಿಲ ಹಿಂದಿನ ಆ ಅಳು ಕೇಳಿಸಿದ್ದರಿಂದಲೇ ನಾಗಾಜಿಗೆ ತಿರುಗಿ ಬರುವ ಮನಸ್ಸಾಗುತ್ತದೆ, ಬಂದರೆ ಬಾಗಿಲು ತೆರೆಯುತ್ತದೆಯೇ, ಇದನ್ನು ಆತಗೂರಿನ ಓದುಗರೇ ಹೇಳಲಿ ಅಂತ ಕೇಳಿದ್ದೀಯ. ನೀನು ಕೇಳಿದ್ದು ಓದುಗರನ್ನಲ್ಲ ಅಂತ ತಿಳಿಯದಷ್ಟು ದಡ್ಡನಲ್ಲ ನಾನು. ತೆರೆಯುತ್ತದೆ. ಯುಗಾದಿಗೆ ಬಾ. ಒಬ್ಬಳೇ ಬರಬೇಡ, ನಿನ್ನ ಯಜಮಾನರನ್ನೂ ಮಕ್ಕಳನ್ನೂ ಕರೆದುಕೊಂಡು ಬಾ. ನಮ್ಮ ಜಾತಿಯಲ್ಲ ಅಂತ ಆವತ್ತು ಕುಣಿದೆನಲ್ಲ, ಅವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದಾಗ ನಮ್ಮ ಎತ್ತಿನ ಕಾಲು ಉಳಿಸಿಕೊಟ್ಟವರು. ಎತ್ತು ಮುಟ್ಟಿದ ಕೈಯನ್ನು ಮನೆಯೊಳಗೆ ಸೇರಿಸಲಿಲ್ಲ ನಾನು. ಊರಲ್ಲಿ ಯಾರಾದರೂ ಏನಾದರೂ ಅಂದರೆ ಅವರ ಹತ್ತಿರ ಮಾತಾಡುವುದಕ್ಕೆ ನಾನಿದ್ದೇನೆ. ಮದ್ದೂರಿನಲ್ಲಿ ಇಳಿದರೆ ಗಾಡಿ ಕಟ್ಟಿಕೊಂಡು ಬಂದಿರುತ್ತೇನೆ, ಯಾವ ದಿನ ಅಂತ ಬರೆ. ವೇದವತಮ್ಮನೂ ಲಿಂಗಯ್ಯನೂ ನಿನಗೆ ನಮಸ್ಕಾರ ತಿಳಿಸಿದ್ದಾರೆ. ಕಬ್ಬಿನ ವಿಷಯ ಬಿಟ್ಟುಬಿಟ್ಟಿದ್ದೇನೆ ಅಂತ ಹೇಳು ಅಂದಿದ್ದಾನೆ ಲಿಂಗಯ್ಯ, ಕಬ್ಬು ಹಿಡಿದದ್ದು ನಾನು, ಅವನಲ್ಲ. ಮಕ್ಕಳ ತಲೆಯ ಮೇಲೆ ನನ್ನ ಕೈಯಿದೆ ಅಂತ ಅವರಿಗೆ ಹೇಳು. ನೀನು ನೂರು ಕಾಲ ಮುತ್ತೈದೆಯಾಗಿ ಬಾಳು.

ನಿನ್ನ ಅಣ್ಣ,
ಕೆಂಪಯ್ಯ

ಕವರು ಅಂಟಿಸಿದ್ದನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ, ಟಪ್ಪಾಲಿನವನು ಹೊರಗೆ ಕಾಯುತ್ತಿದ್ದಾನೆ. ಬರೆಯಬೇಡಿ, ಮೊದಲು ಅವಳು ಬರಲಿ, ಆಮೇಲೆ ಬಾಯಲ್ಲಿ ಹೇಳಿದರಾಯಿತು ಅಂತ ನಿನ್ನ ಅತ್ತಿಗೆ ಅಡ್ಡ ನಿಂತಿದ್ದಾಳೆ. ಆವತ್ತು ಅವ್ವ ಮಳವಳ್ಳಿಗೆ ಹೋಗಿದ್ದಾಳೆ ಅಂತ ನಾನು ಒಳಗಿನಿಂದ ಕೂಗಿದೆನಲ್ಲ, ಸುಳ್ಳು. ಅವ್ವ ಬಾಗಿಲ ಹಿಂದೆಯೇ ಇದ್ದಳು. ಅಗುಳಿಯ ಮೇಲಿದ್ದದ್ದು ಅವಳ ಕೈ, ಅದನ್ನು ತಿರುಚಿ ಹಿಡಿದದ್ದು ನಾನು. ಇನ್ನೊಂದು ಅಂಗೈಯಿಂದ ಅವಳ ಬಾಯಿ ಮುಚ್ಚಿದ್ದೆ, ಅದಕ್ಕೇ ಆ ದನಿ ಹೆಂಗಸಿನದು ಅಂತ ನಿನಗೆ ತಿಳಿಯಲಿಲ್ಲ. ಎಂಟು ದಿನ ಅವಳಿಗೆ ಆ ಕೈಯಲ್ಲಿ ಬಿಂದಿಗೆ ಎತ್ತಲಾಗಲಿಲ್ಲ. ಆ ವರ್ಷದ ದೀಪಾವಳಿಗೆ ಮುಂಚೆ ತೀರಿಕೊಂಡಳು, ಅದನ್ನೂ ನಾನು ನಿನಗೆ ತಿಳಿಸಲಿಲ್ಲ. ನಾನು ಅಳಲಿಲ್ಲ ಮಂಗಳೀ. ನೀವು ಬೀದಿ ತಿರುಗಿದ ಮೇಲೆ ಕೊಟ್ಟಿಗೆಗೆ ಹೋಗಿ ಎತ್ತಿಗೆ ಹುಲ್ಲು ಹಾಕಿದೆ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ ಬಾ. ಬರದಿದ್ದರೂ ಎರಡನೇ ಭಾಗದಲ್ಲಿ ಅದೊಂದನ್ನು ತಿದ್ದು. ಆ ಅಳು ಅವ್ವನದು, ಅವ್ವನಿಗೇ ಕೊಡು.