ತಾಯಕ್ಕನ ಗುಳಿಗೆ ನಿಂತ ಮೇಲೆ

ಜುಲೈ 8, ಬೆಳಿಗ್ಗೆ

ರೌಂಡ್ಸ್ ತಡವಾಯಿತು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳು... ಮಾನಸಿಕ ಆಸ್ಪತ್ರೆಯ ಬೀಗದ ವಾರ್ಡಿನಲ್ಲಿ ತಾಯಕ್ಕ ಒಬ್ಬಳೇ ಎದ್ದು ಕೂತಿದ್ದಳು. ಜೊಲ್ಲಿಗೆ ದಿಂಬು ಒದ್ದೆ. ಕ್ಲೋಜಪಿನ್ ಗುಳಿಗೆ ತಗೊಂಡರೆ ಹಾಗೆಯೇ. ವಾರವಾರ ರಕ್ತವನ್ನೂ ನೋಡಬೇಕು. ಈ ಗುಳಿಗೆಯಿಂದ ರಕ್ತದ ಬಿಳಿ ಕಣ ಕುಸಿದರೆ ಸಣ್ಣ ಸೋಂಕೂ ಜೀವ ತೆಗೆಯುತ್ತದೆ.

ಕಂಪ್ಲಿ ಕಡೆಯವಳು. ಕಿವಿಯೊಳಗಿನ ಗಂಡಸು ಹೇಳಿದನೆಂದು ನಾದಿನಿ ತುಳಸಿಯನ್ನು ಕಾಲುವೆಗೆ ತಳ್ಳಿ ಕೊಂದಳು. ಕೋರ್ಟ್ ಇಲ್ಲಿಗೆ ಕಳಿಸಿತು. ಬೇರೆ ಯಾವ ಔಷಧಿಗೂ ಅವನು ಬಗ್ಗಲಿಲ್ಲ. ಇದಕ್ಕೆ ಬಗ್ಗಿದ.

ಇವತ್ತು ಅತ್ತಳು. "ತುಳಸಿ ನನಗ ಜಡಿ ಹಾಕ್ತಿದ್ಲು ಮೇಡಂ. ಅವ ಬಾಯಿ ಮುಚ್ಚಿದ ಮ್ಯಾಲೇ ಆಕಿ ನೆನಪಾದ್ಲು."

ಜುಲೈ 15

ನರ್ಸ್ ದುರ್ಗಕ್ಕನ ಫೋನ್. "ತಾಯಕ್ಕಗ ಜ್ವರ ಭಾಳ ಐತ್ರಿ. ಗಂಟಲಾಗ ಹುಣ್ಣು. ಜಲ್ದಿ ಬರ್ರಿ."

ಲ್ಯಾಬಿನವರು ಎರಡು ಸಲ ನೋಡಿದರು. ಬಿಳಿ ಕಣ ಇಲ್ಲವೆನ್ನುವಷ್ಟು ಕಡಿಮೆ. ಗುಳಿಗೆ ನಿಲ್ಲಲೇಬೇಕು.

"ನಿಲ್ಲಿಸಬ್ಯಾಡ್ರಿ. ಸತ್ರ ಸಾಯ್ತೀನಿ. ಅವ ಬರ್ತಾನ."

"ನೀನು ಸಾಯಬಾರದು ತಾಯಕ್ಕ."

"ಯಾಕ?"

ಗುಳಿಗೆ ನಿಲ್ಲಿಸಿದೆ. ಪೊಲೀಸರ ಜೊತೆ ಹೊಸಪೇಟೆಗೆ ಕಳಿಸಿದೆ, ಜ್ವರದ ಚಿಕಿತ್ಸೆಗೆ.

ಜುಲೈ 29

ವಾಪಸ್ ಬಂದಳು. ಜ್ವರ ಇಲ್ಲ. ಕಣ ಏರುತ್ತಿವೆ. ಆದರೆ ಕ್ಲೋಜಪಿನ್ ಇನ್ನೆಂದೂ ಕೊಡುವಂತಿಲ್ಲ. ಹಳೆಯ ಗುಳಿಗೆ ಬರೆದೆ — ಒಮ್ಮೆ ಸೋತದ್ದೇ.

ದುರ್ಗಕ್ಕ ಅಂದಳು: "ಒಬ್ಬಾಕಿನೇ ಜಗಳ ಆಡ್ತಾಳ್ರಿ. 'ಆಕಿ ಹೆಸರು ನಿನಗ ಹೇಳಂಗಿಲ್ಲ' ಅಂತಾಳ."

ಯಾರ ಹೆಸರು ಎಂದು ಕೇಳಲಿಲ್ಲ.

ಆಗಸ್ಟ್ 2

ಬಸ್ಸಿನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟ್ ಮುಗಿಸಿದವರು ತೂಕಡಿಸುತ್ತಿದ್ದರು. ಹಿಂದಿನ ಸೀಟಿನಿಂದ ಗಂಡಸಿನ ದನಿ — "ಶ್ರೀಲಕ್ಷ್ಮೀ." ನನ್ನ ಹೆಸರು. ತಿರುಗಿ ನೋಡಿದೆ. ಎಲ್ಲರೂ ನಿದ್ದೆಯಲ್ಲಿ. ನನಗೂ ನಿದ್ದೆ ಸಾಲುತ್ತಿಲ್ಲ. ಅಷ್ಟೇ.

ಆಗಸ್ಟ್ 5, ಹನ್ನೊಂದು ಗಂಟೆ

ಇನ್ನೂ ಕೆಲ ವಾರ ರಕ್ತ ನೋಡಬೇಕು. ರಕ್ತ ತೆಗೆಯಲು ಹೋದರೆ ತಾಯಕ್ಕ ಒಳಗಿನಿಂದ ಬಾಗಿಲು ಒತ್ತಿ ಹಿಡಿದಿದ್ದಳು.

"ಒಳಗ ಬರಬ್ಯಾಡ್ರಿ ಮೇಡಂ. ನಿಮ್ಮ ಹೆಸರು ಕಲ್ತಾನ. ತುಳಸೀನೂ ಹಿಂಗ ಕರೀತಿದ್ದ."

"ಈಗ ಕರೀತಾನಾ?"

"ಹೂಂ. ನನ್ನ ಕೈ ಕಟ್ರಿ. ಆಮ್ಯಾಲೆ ಬರ್ರಿ."

ಕಟ್ಟಲಿಲ್ಲ. ದುರ್ಗಕ್ಕನನ್ನು ಪಕ್ಕದಲ್ಲಿಟ್ಟುಕೊಂಡು ಹೋದೆ. ತಾಯಕ್ಕ ಬಲಗೈ ಮೇಲೆ ತಾನೇ ಕೂತಳು, ಎಡಗೈ ಚಾಚಿದಳು. ಮುಖ ಗೋಡೆಗೆ. ಸೂಜಿ ಒಳಗಿರುವಷ್ಟು ಹೊತ್ತೂ ತುಳಸಿ, ತುಳಸಿ, ತುಳಸಿ ಅನ್ನುತ್ತಲೇ ಇದ್ದಳು. ಅವನ ದನಿ ಕೇಳಿಸದಿರಲಿ ಎಂದು.

ಆಗಸ್ಟ್ 6

ರಿಪೋರ್ಟ್ ಬಂತು. ಪೂರ್ತಿ ನಾರ್ಮಲ್. ವಾರ್ಡಿಗೆ ಓಡಿದೆ. ಬಾಗಿಲ ಕಿಂಡಿಯಿಂದಲೇ, "ರಕ್ತ ಸರಿಹೋಯಿತು ತಾಯಕ್ಕ, ಬದುಕಿಕೊಂಡೆ!" ಅಂದೆ.

ತಿರುಗಲಿಲ್ಲ. ಕಿವಿ ಗೋಡೆಗಿತ್ತು.

"ಯಾರು?" ಅಂದಳು. ಭಾಳ ಮೆಲ್ಲಗೆ. "ಯಾರು ಬದುಕಿದ್ದು?"

ನೀನು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಗೋಡೆಗೆ ತಲೆಯಾಡಿಸಿ, ಹೂಂ ಅಂದು, ಅವನಿಗೆ ನನ್ನ ಹೆಸರು ಹೇಳಿದಳು: "ಶ್ರೀಲಕ್ಷ್ಮೀ."