ಅಪ್ಪನ ಒಪ್ಪಿಗೆ ಬಾಕಿ

ಡೇಗು,
ಮಾರ್ಚ್ ೮

ಅಪ್ಪ,

ನಿಮ್ಮ ಮಗಳು ನಾರೇ ಬರೆಯುತ್ತಿದ್ದೇನೆ. ಎಂಟು ವರ್ಷದ ಮೇಲೆ ಬರೆಯುವಾಗ ಕ್ಷೇಮ ವಿಚಾರಿಸಬೇಕೋ, ಜಗಳ ಆಡಬೇಕೋ ತಿಳಿಯದೆ ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಹಳೇ ನಂಬರಿಗೆ ಫೋನ್ ಮಾಡಿದ್ದೆ. ಅದೀಗ ಯಾರೋ ಅಜ್ಜಿಯದು. ಪಾಪ, ಎಲ್ಲವನ್ನೂ ಕೇಳಿಸಿಕೊಂಡು "ಆ ಒಪ್ಪಿಗೆ ನಾನು ಒತ್ತಿದ್ರೆ ಆಗತ್ತಾ ಮಗಾ?" ಅಂದಳು. ವಿಳಾಸ ದೊಡ್ಡಪ್ಪ ಕೊಟ್ಟರು; ನೀವೀಗ ಕಡಲಲ್ಲಿ ಸಿಂಪಿ ಸಾಕುತ್ತಿದ್ದೀರಂತೆ.

ಕಾಲೇಜು ಸೇರಿದ್ದೇನೆ. ಸರ್ಕಾರದ ವಿದ್ಯಾರ್ಥಿವೇತನ ಸಿಗದಿದ್ದರೆ ಬಿಡಬೇಕಾಗುತ್ತದೆ. ಅಮ್ಮ ಅನ್ನದ ಸುರುಳಿ ಕಟ್ಟಿ ಮಾರುವ ಕಿಂಬಾಪ್ ಅಂಗಡಿಯ ಗಳಿಕೆ ಬಾಡಿಗೆಗೇ ಸರಿಹೋಗುತ್ತದೆ. ಅರ್ಜಿಗೆ ಹೆತ್ತವರಿಬ್ಬರ ಒಪ್ಪಿಗೆಯೂ ಬೇಕು; ಅಮ್ಮ ತನ್ನದು ಕೊಟ್ಟಿದ್ದಾಳೆ. 'ಅಪ್ಪನ ಒಪ್ಪಿಗೆ ಬಾಕಿ' ಎಂದು ಅರ್ಜಿ ಅಲ್ಲೇ ನಿಂತಿದೆ.

ಸಹಾಯವಾಣಿಯವನಿಗೆ ಅಪ್ಪ ನಮ್ಮ ಜೊತೆ ಇಲ್ಲ ಅಂದೆ. "ತೀರ್ಕೊಂಡಿದ್ದಾರಾ?" ಅಂತ ಕೇಳಿದ. ಇಲ್ಲ ಅಂದೆ. "ವಿಚ್ಛೇದನ ಆಗಿದ್ಯಾ?" ಅಂದ. ಇಲ್ಲ ಅಂದೆ. "ಹಾಗಾದ್ರೆ ಮನೇಲೇ ಇದ್ದಾರಲ್ಲಮ್ಮ!" ಅಂದ. ನನಗೆಷ್ಟು ತಲೆ ಕೆಟ್ಟಿತೆಂದರೆ, ಎದ್ದು ಹೋಗಿ ಬಾಗಿಲ ಬಳಿ ನಿಮ್ಮ ಶೂ ಇದೆಯಾ ಅಂತ ನೋಡಿದೆ.

ಯಾಕೆ ವಿಚ್ಛೇದನ ತಗೊಳ್ಳಲಿಲ್ಲ ಎಂದು ಅಮ್ಮನನ್ನು ಕೇಳಿದೆ. "ನಿನ್ನ ಮದುವೇಲಿ ಹೆತ್ತವರಿಗೆ ಅಂತ ಮುಂದೆ ಎರಡು ಕುರ್ಚಿ ಹಾಕ್ತಾರೆ. ಒಂದು ಖಾಲಿ ಇದ್ರೆ ಬೀಗರು ಏನಂದ್ಕೋತಾರೆ?" ಎಂದು ಮೂಲಂಗಿ ಹೆಚ್ಚುತ್ತಲೇ ಗದರಿದಳು. ನನಗಿನ್ನೂ ಹುಡುಗನೇ ಇಲ್ಲ, ಇವಳು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತಿದ್ದಾಳೆ! ಆ ಕುರ್ಚಿಗಾಗಿ ನೀವು ಕಾಗದದಲ್ಲಿ ನಮ್ಮವರು. ಕಾಗದದಲ್ಲಿ ನಮ್ಮವರಾದ್ದರಿಂದ ನನ್ನ ಓದು ನಿಂತಿದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತೋಚುತ್ತಿಲ್ಲ.

"ಅವ್ರ ಹತ್ರ ಮಾತ್ರ ಕೈ ಚಾಚ್ಬೇಡ" ಎಂದೂ ಅಮ್ಮ ಹೇಳಿದ್ದಾಳೆ. ನಾನು ಹಣ ಕೇಳುತ್ತಿಲ್ಲ. ಮೊಬೈಲಿನಲ್ಲಿ ನಿಮ್ಮ ಗುರುತು ಕೊಟ್ಟು, 'ನಾನು ಈ ಕುಟುಂಬದವನು, ಒಪ್ಪಿಗೆಯಿದೆ' ಎಂಬ ಕಡೆ ಒತ್ತಬೇಕು, ಅಷ್ಟೇ. ಇಪ್ಪತ್ತಮೂರರ ಸಂಜೆಯೇ ಕೊನೆ. ಸಿಂಪಿ ಸಾಕಣೆಯ ಕಡೆ ಸಿಗ್ನಲ್ ಇಲ್ಲದಿದ್ದರೆ ದಡಕ್ಕೆ ಬಂದು ಒತ್ತಿ.

ಇಂತಿ,
ಸದ್ಯಕ್ಕೆ ಕಾಗದದಲ್ಲಿ ನಿಮ್ಮ ಮಗಳು,
ನಾರೇ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನೀವು ಒಪ್ಪಿದರೆ ನಿಮ್ಮ ಸಂಪಾದನೆಯೂ ನಮ್ಮ ಮನೆಯ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಕೈ ಚೆನ್ನಾಗಿ ನಡೆಯುತ್ತಿದ್ದರೆ ನನಗೆ ವಿದ್ಯಾರ್ಥಿವೇತನವಿಲ್ಲ. "ನಿಮ್ಮಪ್ಪ ಪಾಪರ್ ಆಗಿರ್ಲಿ ಅಂತ ಬೇಡ್ಕೊಳ್ಳೇ" ಅಂದಳು ಗೆಳತಿ ಹಬಿನ್. ಇಲ್ಲಿನ ಬೆಟ್ಟ ಹತ್ತಿ ಮೇಲಿರುವ ಕಲ್ಲಿನ ಬುದ್ಧನ ಮುಂದೆ ಕೂತೆ. ಅವನು ಒಬ್ಬರಿಗೆ ಒಂದೇ ಕೋರಿಕೆ ನಡೆಸಿಕೊಡುವವನು. ಹಬಿನ್ ಹೇಳಿದ್ದು ಬಾಯಿಗೆ ಬರಲೇ ಇಲ್ಲ. ಅಪ್ಪನ ಸಿಂಪಿ ಈ ಸಲ ಚೆನ್ನಾಗಿ ಬರಲಿ ಎಂದುಬಿಟ್ಟೆ. ಚೆನ್ನಾಗಿ ಬಂದಿದ್ದರೂ ಒತ್ತಿ, ಅಪ್ಪ.