ಹಿದಾಯತ್ ಸಾಬ್ರಿಗೆ ಬಂದ ಟಪಾಲು

ಆಜಾದ್ ನಗರ, ದಾವಣಗೆರೆ
ಸೋಮವಾರ, ೧೭ ನವೆಂಬರ್ ೨೦೨೫

ಪ್ರೀತಿಯ ಮಗಳು ಯಾಸ್ಮೀನ್‌ಗೆ ನಿನ್ನ ಅತ್ತೆಯ ಸಲಾಂ, ನೂರು ದುವಾ.

ಹೇಗಿದ್ದೀ ಮಗಳೇ? ರುಮಾನಾಳ ಕೆಮ್ಮು ಇಳಿಯಿತೇ? ಹರಿಹರದಲ್ಲಿ ಬೆಳಗಿನ ಹೊತ್ತು ಹೊಳೆ ಕಡೆಯ ಗಾಳಿ ಥಂಡಿ, ಕಿವಿಗೆ ಬಟ್ಟೆ ಕಟ್ಟದೆ ಅವಳನ್ನು ಹೊರಗೆ ಬಿಡಬೇಡ. ನಿನ್ನ ತಾಯಿ ಹಜೀರಾಬೀ ಅವರು ಬಿ.ಪಿ. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ ತಾನೇ? ಅವರಿಗೆ ನಮ್ಮ ಮನೆಯವರ ಮೇಲೆ ಸಿಟ್ಟಿರುತ್ತದೆ. ಇರಲಿ, ಮಗಳನ್ನು ಹೆತ್ತವರಿಗೆ ಅಷ್ಟೂ ಸಿಟ್ಟು ಬರದಿದ್ದರೆ ಹೇಗೆ? ನೀನು ಮಗಳ ಕೈ ಹಿಡಿದುಕೊಂಡು ಹೊರಟುಹೋಗಿ ಇವತ್ತಿಗೆ ಹನ್ನೊಂದು ದಿನ. ಬಸ್ಸಿನಲ್ಲಿ ಕೂತರೆ ಅರ್ಧ ಗಂಟೆಯ ದಾರಿ, ಆದರೆ ನನಗೆ ಈಗ ಬೀದಿಯ ಆ ಬದಿಯೂ ಪರದೇಶವೇ. ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವ ತನಕ ಹೊಸ್ತಿಲು ದಾಟುವ ಹಾಗಿಲ್ಲವಲ್ಲ. ಇಲ್ಲದಿದ್ದರೆ ಮೊದಲನೇ ದಿನವೇ ಬಂದು ನಿನ್ನ ಬಾಗಿಲಲ್ಲಿ ಕೂತುಬಿಡುತ್ತಿದ್ದೆ. ಫೋನ್ ಮಾಡೋಣವೆಂದರೆ ನಿನ್ನ ಫೋನನ್ನು ನಿನ್ನ ಗಂಡ ಖಲೀಲ್ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೆ. ಅವನ ಫೋನಿನಿಂದ ನಿನ್ನ ತಾಯಿಗೆ ಮಾಡಿದರೆ ಅವನ ಎದುರಿಗೇ ಮಾತಾಡಬೇಕು. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನ ಕನ್ನಡ, ತಪ್ಪು ಕಂಡರೆ ನಗಬೇಡ.

ನನ್ನ ಆರೋಗ್ಯ ಏನು ಕೇಳುತ್ತೀ, ಗೋಡೆಗೆ ಏನು ಆರೋಗ್ಯವೋ ನನಗೂ ಅದೇ. ಅಡುಗೆಮನೆ, ಹಿತ್ತಲ ಕಲ್ಲು, ನಡುಮನೆಯ ಪರದೆ, ಇಷ್ಟೇ ನನ್ನ ಊರು. ಹಿತ್ತಲಲ್ಲಿ ನಿಂತರೆ ಮಂಡಕ್ಕಿ ಭಟ್ಟಿಯ ಹೊಗೆ ಕಣ್ಣಿಗೆ ಬರುತ್ತದೆ, ಒಳಗೆ ಬಂದರೆ ನೋಡಲು ಬಂದ ಹೆಂಗಸರ ಉಪದೇಶ ಕಿವಿಗೆ ಬರುತ್ತದೆ. ಸಬರ್ ಮಾಡು ರಹೀಮುನ್ನೀಸಾ, ತಾಳ್ಮೆ ತಂದುಕೋ ಎಂದು ಹೇಳಿ, ಚಹಾ ಕುಡಿದು, ಬುರ್ಖಾ ಹಾಕಿಕೊಂಡು ಹೊರಗೆ ಹೋಗುತ್ತಾರೆ. ಹೋಗುವ ಕಾಲು ಇದ್ದವರಿಗೆ ಸಬರ್ ಹೇಳುವುದು ಸುಲಭ. ನೀನಿದ್ದಾಗ ನಿನ್ನ ಹೊಲಿಗೆ ಮಿಷನ್ನಿನ ಸದ್ದಾದರೂ ಇತ್ತು. ಈಗ ಖಲೀಲ್ ಅಂಗಡಿಗೆ ಹೋದನೆಂದರೆ ಸಂಜೆಯವರೆಗೆ ನಾನು ಮತ್ತು ಕುಕ್ಕರು, ಇಬ್ಬರಲ್ಲಿ ಅದೇ ಹೆಚ್ಚು ಮಾತಾಡುತ್ತದೆ.

ಈ ಹಾಳು ಟಪಾಲಿನ ಸಂಗತಿ ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ. ನೀನು ಹೋದ ಮೇಲೂ ನಿಂತಿರಲಿಲ್ಲ. ಕಿವಿ ಕೇಳಿಸುವ ಮಿಷನ್ ಕಂಪನಿಯವರದು ಮೂರು ಲಕೋಟೆ, ಹದಡಿ ರಸ್ತೆಯ ಸೈಟಿನವರದು ಬಣ್ಣಬಣ್ಣದ ಪುಸ್ತಕ, ಮಂಡಿನೋವಿನ ಎಣ್ಣೆ, ಬೋರ್‌ವೆಲ್ ಮೋಟಾರು, ಉಮ್ರಾ ಪ್ಯಾಕೇಜು. ಒಬ್ಬನಂತೂ ನಿನ್ನ ಮಾವನಿಗೆ ತಲೆಕೂದಲು ಬೆಳೆಸುವ ಔಷಧ ಕೊಡುತ್ತಾನಂತೆ. ಮದುವೆಯ ದಿನವೇ ಪೇಟಾ ತೆಗೆದರೆ ಅರ್ಧ ತಲೆ ಬೋಳು ಇತ್ತು ಅವರದು! ಎಲ್ಲದರ ಮೇಲೂ ಅವರದೇ ಹೆಸರು, ನಮ್ಮದೇ ವಿಳಾಸ. ಬರೀ ಕಾಗದವಾಗಿದ್ದರೆ ರದ್ದಿಗೆ ಹಾಕಿ ಸುಮ್ಮನಾಗಬಹುದಿತ್ತು, ಒಲೆಗೆ ಹಾಕಬಹುದಿತ್ತು. ಫೋನುಗಳು ಬರತೊಡಗಿದವಲ್ಲ, ಅದೂ ನಿನ್ನ ನಂಬರಿಗೆ, ಅಲ್ಲಿಂದ ಕೆಟ್ಟಿತು. ನೀನು ಬ್ಲೌಸಿಗೆ ಕಾಜ ಹಾಕುತ್ತಾ ಕೂತಿದ್ದರೆ ಯಾವನೋ ಫೋನ್ ಮಾಡಿ ಹಿದಾಯತ್ ಸಾಬ್ ಇದಾರಾ ಎಂದು ಕೇಳುವುದು, ಇಲ್ಲ ಎಂದರೆ ನೀವು ಯಾರು ಮೇಡಂ ಎನ್ನುವುದು. ಸೈಟಿನ ಕಂಪನಿಯ ಆ ಒಬ್ಬ ಒಂದೇ ದಿನ ಆರು ಸಲ ಮಾಡಿದ. ಆರನೇ ಸಲ ಫೋನ್ ಎತ್ತಿದವನು ಖಲೀಲ್.

ಅವತ್ತು ಅವನು ಆಡಿದ ಮಾತು ನನ್ನ ಕಿವಿಯಿಂದ ಹೋಗಿಲ್ಲ. "ಸತ್ತಿರೋ ನಮ್ಮಪ್ಪನ ಹೆಸರಲ್ಲಿ ಆಟ ಆಡ್ತೀಯೇನು? ಸೀರೆ ಮೇಳದಾಗೆ ಕೂಪನ್ ತುಂಬಿ ಪ್ಲಾಸ್ಟಿಕ್ ಜಗ್ ತಂದೋಳು ನೀನೇ ಅಲ್ವಾ?" ಎಂದ. ನೀನು ಅಳದೆ, ಎದುರು ನಿಂತು, "ನಾ ಬರ್ದಿಲ್ಲ" ಎಂದೆ. ಅದಕ್ಕೆ ಅವನು, "ಮತ್ತ್ಯಾರು ಬರ್ದರು? ಪರದೆ ಒಳಗೆ ಕುಂತಿರೋ ನಮ್ಮಮ್ಮನಾ?" ಎಂದ. ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ನಾದುತ್ತಲೇ ಇದ್ದೆ ಮಗಳೇ, ಹಿಟ್ಟು ಕಲ್ಲಾಗುವ ತನಕ. ಆಮೇಲೆ ಅವನು ಹೊರಗಿನ ಗಂಡಸರ ಜೊತೆ ಮಾತಾಡುವ ಚಟ ಅಂತ ಏನೇನೋ ಆಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ಬ್ಯಾಗು ತುಂಬಿಕೊಳ್ಳುವಾಗ ನಾನು ಬಂದು ಬೇಡ ಎನ್ನಲಿಲ್ಲ. ನಿನ್ನ ಕಣ್ಣು ಒಂದು ಸಲ ನನ್ನ ಕಡೆ ಹೊರಳಿತು. ನಾನು ಒಲೆಯ ಕಡೆ ತಿರುಗಿದೆ.

ಹೋದ ಬುಧವಾರ ಖಲೀಲ್ ಗೇಟಿಗೆ ಒಂದು ರಟ್ಟು ಕಟ್ಟಿದ್ದಾನೆ. ನಾನು ಅದನ್ನು ನೋಡಿಲ್ಲ, ಹೊರಮುಖವಾಗಿ ಕಟ್ಟಿದ್ದಾನೆ. ಪೋಸ್ಟ್‌ಮನ್ ಉಚ್ಚಂಗೆಪ್ಪ ಬಂದು ನಿಂತು ಒಂದೊಂದೇ ಅಕ್ಷರ ಓದಿದ್ದು ಪರದೆಯ ಹಿಂದಿನಿಂದ ಕೇಳಿಸಿತು: ಹಿದಾಯತ್ ಅವರು ತೀರಿಕೊಂಡಿದ್ದಾರೆ, ಅವರ ಹೆಸರಿನ ಟಪಾಲು ಹಾಕಬಾರದು. ಓದಿ, ಸೈಕಲ್ ತಿರುಗಿಸಿಕೊಂಡು ಹೋದ. ಅಲ್ಲಿಂದ ನಮ್ಮ ಗೇಟಿನಲ್ಲಿ ಯಾರ ದನಿಯೂ ಇಲ್ಲ. ಅಂತೂ ಹಾವಳಿ ನಿಂತಿತಲ್ಲ ಅಮ್ಮಿ ಎಂದು ಖಲೀಲ್ ಹೇಳಿದ. ಹೂಂ ಎಂದೆ.

ಈಗ ಮುಖ್ಯ ವಿಷಯ. ಬರುವ ಶುಕ್ರವಾರ ಜುಮ್ಮಾ ನಮಾಜಾದ ಮೇಲೆ ಖಲೀಲ್, ಮಸೀದಿ ಕಮಿಟಿಯ ಹಿರಿಯರಾದ ಮಕ್ತುಮ್ ಸಾಬರನ್ನು ಕರೆದುಕೊಂಡು ನಿನ್ನನ್ನು ಕರೆತರಲು ಹರಿಹರಕ್ಕೆ ಬರುತ್ತಾನೆ. ಮಕ್ತುಮ್ ಸಾಬರು ಪರದೆಯ ಆಚೆ ಕೂತು ನನಗೂ ಹೇಳಿದರು: "ಹುಡುಗಿ ತಪ್ಪಾತು ಅಂತ ಒಂದು ಮಾತು ಅಂದ್ಬಿಡ್ಲಿ ರಹೀಮಮ್ಮ, ಮುಗೀತು. ಆ ಫೋನೂ ಬ್ಯಾಡ, ಹೊರಗಿನೋರ ಹೊಲಿಗೀನೂ ಬ್ಯಾಡ." ಅವರು ಒಳ್ಳೆಯವರೇ, ಆದರೆ ಒಂದು ಮಾತಿನಲ್ಲಿ ನಿನ್ನ ಕೈಯನ್ನೇ ಕತ್ತರಿಸಿಟ್ಟರು. ನಿನ್ನೆ ನಯನಾ ಬಂದಿದ್ದಳು, ಪಿ.ಜೆ. ಬಡಾವಣೆಯಿಂದ ಸ್ಕೂಟಿಯಲ್ಲಿ ಬರುತ್ತಾಳಲ್ಲ, ಅವಳೇ. ತಂಗಿಯ ಮದುವೆಗೆ ನಾಲ್ಕು ಬ್ಲೌಸು ನೀನೇ ಹೊಲಿಯಬೇಕಂತೆ, ಬೇರೆಯವರು ತೋಳು ಕೆಡಿಸುತ್ತಾರಂತೆ. ಯಾಸ್ಮೀನ್ ಊರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದೆ. ಬಟ್ಟೆ ಇಟ್ಟುಹೋಗಿದ್ದಾಳೆ, ನಿನ್ನ ಮಿಷನ್ನಿನ ಮೇಲೆ ಹೊದಿಕೆ ಹಾಕಿ ಜೋಪಾನ ಮಾಡಿದ್ದೇನೆ. ಆ ಮಿಷನ್ ನಿನ್ನ ಮಾವ ತಮ್ಮ ರಿಪೇರಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತು ಸರಿಮಾಡಿ ನಿನಗೆಂದೇ ತಂದದ್ದು. ಅದನ್ನು ಮೂಲೆಗೆ ತಳ್ಳುವ ಮಾತು ಬಂದಾಗ ನಾನು ಪರದೆಯ ಈಚೆ ಚಹಾದ ಲೋಟ ಜೋಡಿಸುತ್ತಾ ಕೂತೆ.

ಸರಿ, ಬಹಳ ಬರೆದೆ. ಹಜೀರಾಬೀ ಅವರಿಗೆ ನನ್ನ ಸಲಾಂ ಹೇಳು. ರುಮಾನಾಳ ಎರಡೂ ಕೆನ್ನೆಗೆ ಈ ಅಜ್ಜಿಯ ಮುತ್ತು, ಅವಳಿಗೆ ತುಪ್ಪ ಹಾಕಿ ಕಿಚಡಿ ಮಾಡಿಕೊಡು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾಹನು ನಿನ್ನ ಬಾಳಿನಲ್ಲಿ ಬರಕತ್ ಕೊಡಲಿ.

ನಿನ್ನ ಅಮ್ಮಿ,
ರಹೀಮುನ್ನೀಸಾ

ಇನ್ನೊಂದು ಮಾತು: ಬೀದಿಯಲ್ಲಿ ಹೋಗುತ್ತಿದ್ದ ಉಚ್ಚಂಗೆಪ್ಪನನ್ನು ಕರೆದು ಗೇಟಿನಲ್ಲಿ ನಿಲ್ಲಿಸಿದ್ದೇನೆ, ಬೇಗ ಬರೆಯಬೇಕು. ಆ ಟಪಾಲನ್ನೆಲ್ಲ ತರಿಸಿದ ಕಾರ್ಡುಗಳನ್ನು ಬರೆದವಳು ನಾನು. ಪೇಪರಿನ ನಡುವೆ ಅಂಚೆಚೀಟಿ ಬೇಕಿಲ್ಲ ಎಂದು ಅಚ್ಚು ಹಾಕಿದ ಕಾರ್ಡು ಬರುತ್ತಿದ್ದವಲ್ಲ, ಒಂದಲ್ಲ, ಹದಿನಾಲ್ಕು ತುಂಬಿ ಪರದೆಯ ಕೆಳಗಿಂದ ಉಚ್ಚಂಗೆಪ್ಪನಿಗೆ ಕೊಟ್ಟೆ. ಹೆಸರಿನ ಜಾಗದಲ್ಲಿ ಅವರ ಹೆಸರು. ನಂಬರಿನ ಜಾಗದಲ್ಲಿ ನನಗೆ ಬಾಯಿಪಾಠ ಬರುವ ಒಂದೇ ನಂಬರು, ನಿನ್ನದು. ನಿನಗೆ ಹೀಗಾಗುತ್ತದೆಂದು ಅಲ್ಲಾಹನಾಣೆ ಹೊಳೆಯಲಿಲ್ಲ. ಅವರು ಹೋದ ಮೇಲೆ ಮನೆಯಲ್ಲಿ ಯಾರೂ ಅವರ ಹೆಸರು ಹಿಡಿಯುವುದಿಲ್ಲ, ಎಲ್ಲರಿಗೂ ಅವರು ಬರೀ ಮರ್ಹೂಮ್, ತೀರಿಕೊಂಡವರು ಅಷ್ಟೇ. ನಾನಂತೂ ನಲವತ್ತೊಂದು ವರ್ಷ ಗಂಡನ ಹೆಸರನ್ನು ಬಾಯಲ್ಲಿ ಅಂದವಳಲ್ಲ. ತೀರಿಕೊಂಡ ತಿಂಗಳಿಗೆ ಅವರಿಗೆ ಯಾವುದೋ ಮಿಷನ್ ಪಾರ್ಟ್ಸಿನ ಪುಸ್ತಕ ಬಂತು. ಉಚ್ಚಂಗೆಪ್ಪ ಮರೆತು, ಮೊದಲಿನ ಹಾಗೇ, "ಹಿದಾಯತ್ ಸಾಬ್ರೇ, ಟಪಾಲ್ ರೀ" ಎಂದು ಕೂಗಿಬಿಟ್ಟ. ಕೂಗಿ ನಾಲಿಗೆ ಕಚ್ಚಿಕೊಂಡ. ನಾನು ಒಳಗಿನಿಂದ, ಹಂಗೇ ಕೂಗ್ರಿ ಅಣ್ಣಾ ಎಂದೆ. ಅದನ್ನು ದಿನವೂ ಕೇಳಬೇಕೆಂದು ಬರೆದೆ, ಇನ್ನೇನೂ ಇಲ್ಲ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಳ್ಳಬೇಕಾದವಳು ನಾನು, ಸುಮ್ಮನೆ ಹಿಟ್ಟು ನಾದಿದೆ. ಖಲೀಲ್‌ಗೆ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಊಟಕ್ಕೆ ಬಾ ಎಂದೆ. ಶುಕ್ರವಾರ ಅವನು ನಿನ್ನನ್ನು ಮಾಫ್ ಮಾಡಲು ಬರುತ್ತಾನೆ. ನೀನು ತಪ್ಪಾಯಿತು ಎನ್ನಬೇಡ, ಗಾಡಿ ಹತ್ತಬೇಡ. ಮೊದಲು ಈ ಕಾಗದ ಅವನ ಕೈಗೆ ಕೊಡು. ಮಕ್ತುಮ್ ಸಾಬರ ಎದುರು, ನಿನ್ನ ತಾಯಿಯ ಎದುರು, ಗಟ್ಟಿಯಾಗಿ ಓದಲಿ. ಆಮೇಲೆ ನನಗೆ ಬೈಯಬೇಕೆನಿಸಿದರೆ ಬರಲಿ, ನಾನು ಮನೆಯಲ್ಲೇ ಇರುತ್ತೇನೆ. ಇದ್ದತ್ ಮುಗಿಯಲು ಇನ್ನೂ ಇಪ್ಪತ್ತೆರಡು ದಿನ ಇದೆ, ಎಲ್ಲಿಗೆ ಹೋಗಲಿ?